ಲೆದರ್ ಸೀಟು ಮಿಂಚುತ್ತಿದೆಯಾ? ಹಾಗಾದರೆ ಕೊಳೆಯಾಗಿದೆ

ಶೋರೂಮಿನಲ್ಲಿ ನಿಂತಿರುವ ಹೊಸ ಕಾರಿನ ಲೆದರ್ ಸೀಟನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ಹೊಳೆಯುವುದಿಲ್ಲ. ಮುಟ್ಟಿದರೆ ಮೆತ್ತಗಿರುತ್ತದೆ, ನೋಡೋಕೆ ಸ್ವಲ್ಪ ಮಂಕು. ಈಗ ನಾಲ್ಕೈದು ವರ್ಷ ಓಡಿದ ಕಾರಿನ ಡ್ರೈವರ್ ಸೀಟು ನೋಡಿ. ತೊಡೆ ತಾಗುವ ಅಂಚು, ಬೆನ್ನು ಒರಗುವ ಜಾಗ ಮಿರಮಿರ ಮಿಂಚುತ್ತಿರುತ್ತದೆ. 'ಲೆದರ್ ಚೆನ್ನಾಗಿ ಪಳಗಿದೆ' ಅಂತ ತುಂಬಾ ಜನ ಖುಷಿಪಡುತ್ತಾರೆ. ಆ ಮಿಂಚು ಬೆವರು, ಮೈಯ ಜಿಡ್ಡು, ರಸ್ತೆಯ ಧೂಳು ಸೇರಿಕೊಂಡು ದಿನಾ ಉಜ್ಜಿ ಉಜ್ಜಿ ಕೂತ ಪದರ. ಸೀಟು ಹಾಳಾಗುವುದು ಅಲ್ಲಿಂದಲೇ ಶುರು.

ಹಾಗಾಗಿ ಈ ಬರಹದಲ್ಲಿ ಲೆದರ್ ಕಾಪಾಡಲು ಹಚ್ಚುವ ಕ್ರೀಮ್, ಅಂದರೆ ಕಂಡೀಷನರ್‌ಗಿಂತ ಒರೆಸುವ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ವರ್ಷಕ್ಕೆ ಎರಡು ಸಲ ನೆಟ್ಟಗೆ ಕೊಳೆ ತೆಗೆದರೆ ಸೀಟಿನ ಆಯಸ್ಸು ಎಷ್ಟೋ ಹೆಚ್ಚುತ್ತದೆ. ಕೊಳೆ ತೆಗೆಯದೆ ಎಷ್ಟು ದುಬಾರಿ ಕ್ರೀಮ್ ಹಚ್ಚಿದರೂ ದುಡ್ಡು ದಂಡ.

ಮೊದಲು ಸೀಟಿನ ಮೇಲೆ ಏನಿದೆ ತಿಳಿದುಕೊಳ್ಳಿ

ಇವತ್ತಿನ ಕಾರುಗಳಲ್ಲಿ ಬರುವ ಲೆದರ್ ಬಹುಪಾಲು ಬಣ್ಣದ ಲೇಪನ ಇರುವಂಥದ್ದು. ಚರ್ಮವನ್ನು ಹದ ಮಾಡಿದ ಮೇಲೆ ಅದಕ್ಕೆ ಬಣ್ಣ ಕೊಟ್ಟು, ಅದರ ಮೇಲೆ ಪಾಲಿಯುರೆಥೇನ್ (ಪಿಯು) ಎಂಬ ಪ್ಲಾಸ್ಟಿಕ್ಕಿನ ತೆಳು ಪದರ ಹಚ್ಚುತ್ತಾರೆ. ನಾವು ಕೂತಾಗ ತಾಗುವುದು ಆ ಪದರ. ಧೂಳಿನ ಕಣ ಅದನ್ನು ಗೀಚುತ್ತದೆ, ಜಿಡ್ಡು ಅದನ್ನು ಮೆತ್ತಗೆ ಮಾಡುತ್ತದೆ. ಅದು ಸವೆದು ಬಿರುಕು ಬಿಟ್ಟ ಮೇಲೆ ಕೆಳಗಿನ ಚರ್ಮ ಒಣಗಿ ಸೀಳುತ್ತದೆ.

ಚರ್ಮ ಅಂದ ಕೂಡಲೇ ನಮಗೆ ಎಣ್ಣೆ ನೆನಪಾಗುತ್ತದೆ. ಅದಕ್ಕೆ ಕಾರಣವೂ ಇದೆ. ಅಥಣಿ ಕಡೆಯ ಚಪ್ಪಲಿಗೆ ಎಣ್ಣೆ ಹಚ್ಚಿದರೆ ಅದು ಕುಡಿದುಕೊಂಡು ಮೆತ್ತಗಾಗುತ್ತದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಅದು, ಮೇಲೆ ಪ್ಲಾಸ್ಟಿಕ್ಕಿನ ಪದರ ಇರುವುದಿಲ್ಲ. ಕಾರಿನ ಸೀಟಿಗೆ ಅದೇ ಕೊಬ್ಬರಿ ಎಣ್ಣೆ ಹಚ್ಚಿದರೆ ಒಳಗೆ ಇಳಿಯದೆ ಮೇಲೆಯೇ ಕೂರುತ್ತದೆ. ಧೂಳು ಹಿಡಿಯುತ್ತದೆ, ಬಟ್ಟೆಗೆ ಅಂಟುತ್ತದೆ, ಹೊಲಿಗೆ ದಾರ ಎಣ್ಣೆ ಕುಡಿದು ಕಪ್ಪಾಗುತ್ತದೆ. ಕೆಲವು ದಿನ ಕಳೆದರೆ ಕಮಟು ವಾಸನೆ ಬೇರೆ.

ಇನ್ನೊಂದು ವಿಷಯ. ನಮ್ಮಲ್ಲಿ 'ಲೆದರ್ ಸೀಟು' ಎಂದು ಕರೆಯುವ ಸೀಟುಗಳಲ್ಲಿ ಎಷ್ಟೋ ನಿಜವಾದ ಲೆದರ್ ಆಗಿರುವುದಿಲ್ಲ. ಕಂಪನಿಯವರೇ ಲೆದರೆಟ್ ಅಂತ ಬರೆದಿರುತ್ತಾರೆ, ಅಂದರೆ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಿಯು ಹಚ್ಚಿದ್ದು. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಗಳಲ್ಲಿ 'ನಾಪಾ' (ಮೆತ್ತನೆ ಲೆದರಿನ ಹೆಸರು) ಅಂತ ಹಾಕಿಸಿಕೊಂಡ ಕವರ್ ಕೂಡ ಸಾಮಾನ್ಯವಾಗಿ ಇದೇ ಬಗೆಯದು. ನಿಜವಾದ ಲೆದರ್ ಇರುವ ಕಾರಿನಲ್ಲೂ ಮೈ ತಾಗುವ ಭಾಗಕ್ಕೆ ಮಾತ್ರ ಚರ್ಮ ಹಾಕಿ, ಪಕ್ಕಕ್ಕೆ, ಹಿಂಬದಿಗೆ ಸಿಂಥೆಟಿಕ್ ಹಾಕಿರುವುದುಂಟು. ಕಾರಿನ ಜೊತೆ ಬಂದ ಕೈಪಿಡಿ ನೋಡಿದರೆ ಗೊತ್ತಾಗುತ್ತದೆ.

ಕೈಪಿಡಿ ಇಲ್ಲದಿದ್ದರೆ ಬೆರಳಿನಿಂದ ಸೀಟನ್ನು ಒತ್ತಿ ನೋಡಿ. ಚರ್ಮವಾದರೆ ಬೆರಳಿನ ಸುತ್ತ ಸಣ್ಣ ಸಣ್ಣ ಸುಕ್ಕು ಹರಡುತ್ತದೆ. ಸಿಂಥೆಟಿಕ್ ಆದರೆ ಸುಮ್ನೆ ಗುಂಡಿ ಬಿದ್ದು ಮೇಲೆ ಬರುತ್ತದೆ. ಇದು ನೂರಕ್ಕೆ ನೂರು ನಂಬುವ ಪರೀಕ್ಷೆಯಲ್ಲ, ಆದರೂ ಅಂದಾಜು ಸಿಗುತ್ತದೆ. ಆಮೇಲೆ ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಕಡೆ ಒಂದು ಹನಿ ನೀರು ಹಾಕಿ. ಹನಿ ಹಾಗೇ ನಿಂತರೆ ಲೇಪನ ಇದೆ ಅಂತ. ಆ ಜಾಗ ನೀರು ಕುಡಿದು ಕಪ್ಪಾದರೆ ಲೇಪನ ಇಲ್ಲದ ಲೆದರ್ ಅಥವಾ ಲೇಪನ ಸವೆದುಹೋದ ಲೆದರ್. ಅಂಥ ಸೀಟಿಗೆ ಕೆಳಗೆ ಹೇಳುವ ಒದ್ದೆ ಕೆಲಸ ಮಾಡಬೇಡಿ, ಗೊತ್ತಿರುವವರ ಹತ್ತಿರ ಒಯ್ಯಿರಿ. ಸೀಟಿನ ಮಧ್ಯೆ ಮಖಮಲ್ಲಿನಂಥ ಸ್ವೇಡ್ ಅಥವಾ ಅಲ್ಕಾಂಟಾರಾ ಇದ್ದರೆ ಆ ಭಾಗಕ್ಕೂ ಇದು ಅನ್ವಯಿಸುವುದಿಲ್ಲ.

ಏನೇನು ಬೇಕು

ವ್ಯಾಕ್ಯೂಮ್ ಕ್ಲೀನರ್, ಅದಕ್ಕೆ ಕೂದಲಿನ ಬ್ರಷ್ ಇರುವ ಮೂತಿ. ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ತಿಳಿ ಬಣ್ಣದ್ದಾದರೆ ಒಳ್ಳೆಯದು, ಕೊಳೆ ಎಷ್ಟು ಬಂತು ಅಂತ ಕಾಣುತ್ತದೆ. ಮೆತ್ತನೆ ಕೂದಲಿನ ಒಂದು ಲೆದರ್ ಬ್ರಷ್. ಒಂದು ಲೆದರ್ ಕ್ಲೀನರ್, ಒಂದು ಕಂಡೀಷನರ್. ಕ್ಲೀನರ್ ಕೊಳ್ಳುವಾಗ ಡಬ್ಬಿಯ ಮೇಲೆ ಪಿಎಚ್ ನ್ಯೂಟ್ರಲ್ ಅಂತ ಇದೆಯಾ ನೋಡಿ, ಅಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಚರ್ಮ ಸ್ವಭಾವತಃ ಸ್ವಲ್ಪ ಆಮ್ಲದ ಕಡೆಗಿರುತ್ತದೆ. ಬಟ್ಟೆ ಸೋಪು, ಪಾತ್ರೆ ತೊಳೆಯುವ ಬಾರ್ ಕ್ಷಾರದ ಕಡೆಗೆ. ಮತ್ತೆ ಮತ್ತೆ ಬಳಸಿದರೆ ಚರ್ಮಕ್ಕೂ ಒಳ್ಳೆಯದಲ್ಲ, ಲೇಪನಕ್ಕೂ ಒಳ್ಳೆಯದಲ್ಲ. ಕಂಡೀಷನರ್ ನೀರು ಆಧಾರಿತ ಇರಲಿ. ಎಣ್ಣೆ, ಮೇಣ, ಸಿಲಿಕೋನ್ ಜಾಸ್ತಿ ಇರುವುದು ಬೇಡ.

ಲೆದರ್ ಕ್ಲೀನರ್ ಸಿಗಲಿಲ್ಲ ಅಂದರೂ ಕೆಲಸ ನಿಲ್ಲಬೇಕಿಲ್ಲ. ಟೊಯೋಟಾ ತನ್ನ ಕಾರುಗಳ ಕೈಪಿಡಿಯಲ್ಲಿ ಲೆದರ್ ಸೀಟಿಗೆ ಹೇಳುವುದು ಉಣ್ಣೆ ಬಟ್ಟೆ ಒಗೆಯುವ ನ್ಯೂಟ್ರಲ್ ಡಿಟರ್ಜೆಂಟನ್ನು ನೀರಿನಲ್ಲಿ ಸುಮಾರು 5% ಬೆರೆಸಿದ ದ್ರಾವಣ. ಸ್ವೆಟರ್ ಒಗೆಯೋಕೆ ಬಳಸುವ ಲಿಕ್ವಿಡ್ ಇರುತ್ತದಲ್ಲ, ಅದೇ. ಒಂದು ಲೀಟರಿಗೆ ಸುಮಾರು 50 ಮಿಲಿಲೀಟರ್. ಅದಕ್ಕಿಂತ ಜಾಸ್ತಿ ಹಾಕಿದರೆ ಹೆಚ್ಚು ಶುಭ್ರವಾಗುವುದಿಲ್ಲ, ಸೋಪು ಹೊಲಿಗೆಯಲ್ಲಿ ಉಳಿಯುತ್ತದೆ ಅಷ್ಟೆ.

ಯಾವಾಗ ಮಾಡಬೇಕು

ವರ್ಷಕ್ಕೆ ಕನಿಷ್ಠ ಎರಡು ಸಲ. ನಮ್ಮ ಊರುಗಳಿಗೆ ಒಪ್ಪುವ ಲೆಕ್ಕ ಹೇಳುತ್ತೇನೆ. ಒಂದು, ಮೇ ತಿಂಗಳಲ್ಲಿ, ಮುಂಗಾರು ಶುರುವಾಗುವ ಮುಂಚೆ. ಇನ್ನೊಂದು, ಆಯುಧ ಪೂಜೆಯ ಹೊತ್ತಿಗೆ. ಪೂಜೆಗೆ ಹೇಗೂ ಗಾಡಿ ತೊಳೆಯುತ್ತೇವೆ, ಆದರೆ ಸೀಟಿನ ಕೆಲಸವನ್ನು ಪೂಜೆಯಾದ ಮೇಲೆ ಇಟ್ಟುಕೊಳ್ಳಿ. ಕುಂಕುಮ, ಅರಿಶಿನ, ವಿಭೂತಿ, ಹೂವಿನ ಎಸಳು ಎಲ್ಲ ಸೀಟಿನ ಮೇಲೆ ಬಿದ್ದಿರುತ್ತದೆ.

ಡ್ರೈವರ್ ಸೀಟು ಮತ್ತು ತಲೆ ಒರಗುವ ಹೆಡ್‌ರೆಸ್ಟ್ ಮಾತ್ರ ಇಷ್ಟಕ್ಕೆ ತಾಳುವುದಿಲ್ಲ. ದಿನಾ ತಲೆಗೆ ಎಣ್ಣೆ ಹಚ್ಚುವ ಮನೆಯಾದರೆ ಹೆಡ್‌ರೆಸ್ಟನ್ನು ತಿಂಗಳಿಗೊಮ್ಮೆ ಒರೆಸಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ಎಣ್ಣೆ ಕಾದು ಲೇಪನವನ್ನು ನಿಧಾನಕ್ಕೆ ಮೆತ್ತಗೆ ಮಾಡುತ್ತದೆ. ಮೊದಲು ಬಣ್ಣ ಏಳುವ ಜಾಗಗಳಲ್ಲಿ ಹೆಡ್‌ರೆಸ್ಟ್ ಒಂದು.

ಕೆಲಸ ಶುರು

ಕಾರನ್ನು ನೆರಳಿಗೆ ತನ್ನಿ. ಸೀಟು ಬಿಸಿಯಿದ್ದರೆ ಕ್ಲೀನರ್ ಒರೆಸುವ ಮುಂಚೆಯೇ ಒಣಗಿ ಕಲೆಯಾಗುತ್ತದೆ. ಬೆಳಿಗ್ಗೆ ಏಳೆಂಟು ಗಂಟೆಯ ಹೊತ್ತು ಚೆನ್ನ. ನಾಲ್ಕೂ ಬಾಗಿಲು ತೆಗೆಯಿರಿ. ಐದು ಸೀಟಿನ ಕಾರಿಗೆ ಆರಾಮಾಗಿ ಮಾಡಿದರೆ ಅರ್ಧ ದಿನ ಅಂದುಕೊಳ್ಳಿ.

ಮೊದಲು ವ್ಯಾಕ್ಯೂಮ್. ಇದನ್ನು ಬಿಟ್ಟು ಯಾವತ್ತೂ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಸೀಟಿನ ಮೇಲಿರುವ ಮರಳಿನ ಕಣಕ್ಕೆ ಒದ್ದೆ ಬಟ್ಟೆ ತಾಗಿದರೆ ಅದೇ ಮರಳು ಕಾಗದ. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ಹಿಂದುಗಡೆ, ಪೂರ್ತಿ ಹಿಂದಕ್ಕೆ ತಳ್ಳಿ ಮುಂದುಗಡೆ ವ್ಯಾಕ್ಯೂಮ್ ಮಾಡಿ. ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ ಅಗಲಿಸಿ. ಮಂಡಕ್ಕಿ, ಶೇಂಗಾ ಸಿಪ್ಪೆ, ಚಿಲ್ಲರೆ ದುಡ್ಡು, ಹೇರ್‌ಪಿನ್ನು ಎಲ್ಲ ಅಲ್ಲೇ ಸಿಗುವುದು. ಹೊಲಿಗೆಯ ಗುಂಟ ಬ್ರಷ್ ಮೂತಿಯನ್ನು ನಿಧಾನಕ್ಕೆ ಎಳೆಯಿರಿ. ಬರೀ ಪ್ಲಾಸ್ಟಿಕ್ ಮೂತಿಯನ್ನು ಲೆದರ್‌ಗೆ ಒತ್ತಿ ಉಜ್ಜಿದರೆ ಗೀರು ಬೀಳುತ್ತದೆ.

ಆಮೇಲೆ ಪರೀಕ್ಷೆ. ಸೀಟಿನ ಹಿಂಬದಿ ಕೆಳಗಡೆ ಎಲ್ಲೋ ಒಂದು ಕಡೆ ಕ್ಲೀನರ್ ಹಚ್ಚಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಬೂದು ಅಥವಾ ಕಂದು ಬಣ್ಣ ಬಂದರೆ ಅದು ಕೊಳೆ. ಸೀಟಿನದೇ ಬಣ್ಣ ಬಂದರೆ ನಿಲ್ಲಿಸಿ, ಆ ಕ್ಲೀನರ್ ನಿಮ್ಮ ಸೀಟಿಗೆ ಆಗಿಬರುವುದಿಲ್ಲ. ಕಪ್ಪು ಸೀಟಿನಲ್ಲಿ ಇದು ಗೊತ್ತಾಗುವುದು ಕಷ್ಟ, ಅದಕ್ಕೇ ಜಾಸ್ತಿ ಕೂರದ ಜಾಗದಲ್ಲಿ ನೋಡಬೇಕು. ಅಲ್ಲಿ ಕೊಳೆ ಅಷ್ಟಾಗಿ ಇರುವುದಿಲ್ಲ, ಹಾಗಾಗಿ ಬಟ್ಟೆ ಕಪ್ಪಾದರೆ ಅದು ಬಹುಶಃ ಬಣ್ಣವೇ.

ಈಗ ಅಸಲಿ ಕೆಲಸ. ಕ್ಲೀನರನ್ನು ಸೀಟಿನ ಮೇಲೆ ಸ್ಪ್ರೇ ಮಾಡಬೇಡಿ, ಬ್ರಷ್ಷಿಗೆ ಹಾಕಿ. ಸೀಟಿನ ಮೇಲೆ ಹಾಕಿದರೆ ಹೊಲಿಗೆಯ ತೂತಿನಿಂದ ಒಳಗಿನ ಫೋಮಿಗೆ ಇಳಿಯುತ್ತದೆ. ಈಗಿನ ಸೀಟಿನೊಳಗೆ ಕೂತವರನ್ನು ಗುರುತಿಸುವ ಸೆನ್ಸರ್, ಫ್ಯಾನು, ವೈರು ಇರಬಹುದು, ಅಲ್ಲಿಗೆ ನೀರು ಹೋಗಬಾರದು. ಒಂದು ಸಲಕ್ಕೆ ಒಂದು ತುಂಡು ಮಾತ್ರ, ಅಂದರೆ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ. ಬ್ರಷ್ಷನ್ನು ಒತ್ತದೆ ಸಣ್ಣ ಸುತ್ತು ಹಾಕುತ್ತಾ ನೊರೆ ಬರಿಸಿ. ಲೆದರ್ ಮೇಲೆ ಸಣ್ಣ ಸಣ್ಣ ಗೆರೆ, ಗುಳಿ ಇರುತ್ತವೆ. ಕೊಳೆ ಕೂತಿರುವುದು ಅಲ್ಲಿ. ಬರೀ ಬಟ್ಟೆ ಅದರ ಮೇಲಿಂದ ಹಾದುಹೋಗುತ್ತದೆ, ಬ್ರಷ್ಷಿನ ಕೂದಲು ಒಳಗೆ ಇಳಿದು ಎತ್ತುತ್ತದೆ.

ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬಿನಲ್ಲಿ ಇದನ್ನು ಮಾಡಿ ನೋಡಿ. ಇಳಿಯುವಾಗ ಹತ್ತುವಾಗ ಪ್ಯಾಂಟು ಉಜ್ಜುವುದು ಅಲ್ಲೇ, ಇಡೀ ಕಾರಿನಲ್ಲಿ ಹೆಚ್ಚು ಕೊಳೆಯಾಗುವ ಜಾಗವೂ ಅದೇ. ಮೊದಲ ಸುತ್ತಿಗೆ ಬಿಳಿ ನೊರೆ ಬರುತ್ತದೆ. ಎರಡು ಮೂರು ಸುತ್ತಿಗೆ ನೊರೆ ಬೂದು ಬಣ್ಣಕ್ಕೆ ತಿರುಗಿ, ತಿಳಿ ಬಣ್ಣದ ಸೀಟಾದರೆ ಚಹಾದ ಬಣ್ಣಕ್ಕೆ ಬರುತ್ತದೆ. ತಕ್ಷಣ ಒಣ ಮೈಕ್ರೋಫೈಬರ್ ಬಟ್ಟೆಯಿಂದ ನೊರೆಯನ್ನು ಎತ್ತಿಕೊಳ್ಳಿ. ನೊರೆ ಅಲ್ಲೇ ಒಣಗಿದರೆ ಕೊಳೆ ಮತ್ತೆ ಗೆರೆಯೊಳಗೆ ಕೂರುತ್ತದೆ. ಬಟ್ಟೆ ಮಡಚಿ ಪ್ರತಿ ಸಲ ಹೊಸ ಮಗ್ಗುಲು ಬಳಸಿ. ಒರೆಸಿದ ಜಾಗ ಪಕ್ಕದ ಜಾಗಕ್ಕಿಂತ ಮಂಕಾಗಿ ಕಂಡರೆ ಸರಿಯಾಗಿ ಮಾಡಿದ್ದೀರಿ. ಇನ್ನೂ ಮಿಂಚುತ್ತಿದ್ದರೆ ಜಿಡ್ಡು ಉಳಿದಿದೆ, ಮತ್ತೊಮ್ಮೆ ಮಾಡಿ. ಜೋರಾಗಿ ಒಂದು ಸಲ ತಿಕ್ಕುವುದಕ್ಕಿಂತ ಹಗುರವಾಗಿ ಎರಡು ಮೂರು ಸಲ ಮಾಡುವುದೇ ಮೇಲು. ಎಷ್ಟು ಮಾಡಿದರೂ ಆ ಮಿಂಚು ಹೋಗದಿದ್ದರೆ ಅಲ್ಲಿ ಲೇಪನವೇ ಸವೆದು ನುಣುಪಾಗಿದೆ ಅಂತ ಅರ್ಥ. ಅಲ್ಲಿಗೆ ಕೈಬಿಡಿ.

ಸಣ್ಣ ತೂತುಗಳಿರುವ ಸೀಟಿಗೆ, ಅದರಲ್ಲೂ ಗಾಳಿ ಬೀಸುವ ವೆಂಟಿಲೇಟೆಡ್ ಸೀಟಿಗೆ ಬ್ರಷ್ಷಿನಿಂದ ನೊರೆ ಬರಿಸಬೇಡಿ. ಕ್ಲೀನರನ್ನು ಬಟ್ಟೆಗೆ ಹಾಕಿ, ಚೆನ್ನಾಗಿ ಹಿಂಡಿ, ಹಗುರಾಗಿ ಒರೆಸಿ. ತೂತಿನೊಳಗೆ ಕ್ಲೀನರ್ ಹೋಗಿ ಬಿಳಿಯಾಗಿ ಒಣಗಿದರೆ ಒಂದೊಂದು ತೂತನ್ನೂ ಟೂತ್‌ಪಿಕ್‌ನಿಂದ ಬಿಡಿಸಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ. ಬಾಗಿಲು ತೆಗೆದಿಟ್ಟು ಒಂದು ಗಂಟೆ ನೆರಳಲ್ಲಿ ಆರಲು ಬಿಡಿ. ಬೇಗ ಆಗಲಿ ಅಂತ ಹೇರ್ ಡ್ರೈಯರ್ ಹಿಡಿಯುವುದು, ಬಿಸಿಲಿಗೆ ತಳ್ಳುವುದು ಬೇಡ.

ಕಂಡೀಷನರ್ ಎಷ್ಟು, ಹೇಗೆ

ಲೇಪನ ಇರುವ ಲೆದರ್‌ಗೆ ಕಂಡೀಷನರ್ ಒಳಗಿನವರೆಗೆ ಇಳಿದು ಪವಾಡ ಮಾಡುವುದಿಲ್ಲ. ಮೇಲಿನ ಪದರ ಬಿರುಸಾಗದಂತೆ, ಬಟ್ಟೆ ಉಜ್ಜಿದಾಗ ಸವೆಯದಂತೆ ಸ್ವಲ್ಪ ಕಾಪಾಡುತ್ತದೆ. ಅಷ್ಟಕ್ಕೇ ಅದು ಬೇಕು. ಹತ್ತು ರೂಪಾಯಿ ನಾಣ್ಯದಷ್ಟು ಕ್ರೀಮನ್ನು ಸ್ಪಂಜಿನ ಮೇಲೆ ಹಾಕಿಕೊಂಡರೆ ಒಂದು ಸೀಟಿನ ಬೆನ್ನಿಗೆ ಸಾಕು. ತೆಳುವಾಗಿ ಹರಡಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಅಂಟಬಾರದು. ಅಂಟಿದರೆ ಜಾಸ್ತಿಯಾಯಿತು ಅಂತ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬಯಲಲ್ಲೇ ಕಾರು ನಿಲ್ಲಿಸುವವರು ಬೇಸಿಗೆಯ ನಡುವೆ ಇನ್ನೊಮ್ಮೆ ಹಚ್ಚಬಹುದು. ಆದರೆ ಅವರಿಗೆ ಕಂಡೀಷನರ್‌ಗಿಂತ ಹೆಚ್ಚು ಉಪಯೋಗ ಮುಂದಿನ ಗಾಜಿಗೆ ಇಡುವ ಮಡಚುವ ಪರದೆಯಿಂದ. ಲೆದರ್ ಒಣಗಿಸುವುದು, ಬಣ್ಣ ಮಂಕು ಮಾಡುವುದು ಬಿಸಿಲು. ಇಡೀ ದಿನ ಒಂದೇ ಕಡೆ ನಿಲ್ಲುವ ಕಾರಾದರೆ ಬಿಸಿಲು ಬೀಳುವ ಮಗ್ಗುಲು ದಿನಾ ಅದೇ ಆಗದಂತೆ ಒಮ್ಮೊಮ್ಮೆ ತಿರುಗಿಸಿ ನಿಲ್ಲಿಸಿ.

ಲೆದರೆಟ್ ಆದರೆ ಒರೆಸುವ ಕೆಲಸ ಎಲ್ಲ ಇದೇ, ಲೆದರ್ ಕಂಡೀಷನರ್ ಮಾತ್ರ ಬೇಡ. ಬೇಕಿದ್ದರೆ ವಿನೈಲ್‌ಗೆ, ಅಂದರೆ ಪಿವಿಸಿಗೆ ಅಂತಲೇ ಬರುವ, ಬಿಸಿಲು ತಡೆಯುವ, ಹೊಳಪು ಕೊಡದ ಪ್ರೊಟೆಕ್ಟೆಂಟ್ (ಕಾಪಾಡುವ ದ್ರವ) ಹಚ್ಚಿ.

ಮಲೆನಾಡು, ಕರಾವಳಿಯವರಿಗೆ

ಮಂಗಳೂರು, ಉಡುಪಿ, ಕಾರವಾರ, ತೀರ್ಥಹಳ್ಳಿ, ಮಡಿಕೇರಿ ಕಡೆಯವರ ತೊಂದರೆ ಬೇರೆ. ಜುಲೈನಲ್ಲಿ ಒಂದು ವಾರ ಕಾರು ಮುಚ್ಚಿ ನಿಲ್ಲಿಸಿದರೆ ಸೀಟಿನ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ. ಬೂಷ್ಟಿಗೆ ಆಹಾರ ಸೀಟಿನ ಮೇಲಿರುವ ಬೆವರು, ಜಿಡ್ಡು, ಬಿದ್ದ ತಿಂಡಿಯ ಚೂರು, ದಪ್ಪಗೆ ಹಚ್ಚಿದ ಕ್ರೀಮು. ಮೇ ತಿಂಗಳಲ್ಲಿ ಒರೆಸಬೇಕು ಅಂದದ್ದು ಇದಕ್ಕೇ. ಕೊಳೆ ತೆಗೆದ ಸೀಟಿಗೆ ಬೂಷ್ಟು ಕಡಿಮೆ. ಈ ಊರುಗಳವರು ಮಳೆಗಾಲದ ಮುಂಚೆ ಕಂಡೀಷನರನ್ನು ಇನ್ನೂ ತೆಳುವಾಗಿ ಹಚ್ಚಿ, ಒರೆಸಿ ತೆಗೆಯಿರಿ.

ಬೂಷ್ಟು ಬಂದೇಬಿಟ್ಟರೆ ಕಾರನ್ನು ಹೊರಗೆ ತಂದು, ಬಾಗಿಲೆಲ್ಲ ತೆಗೆದು, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಒಣ ಬ್ರಷ್ಷಿನಿಂದ ಕೊಡವಬೇಡಿ, ಅದರ ಪುಡಿ ಇಡೀ ಕಾರಿಗೆ ಹರಡುತ್ತದೆ. ಸ್ವಲ್ಪ ಒದ್ದೆ ಮಾಡಿದ ಹಳೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಆ ಬಟ್ಟೆ ಎಸೆಯಿರಿ. ಆಮೇಲೆ ಕ್ಲೀನರ್ ಹಾಕಿ ಎರಡು ಸಲ ಒರೆಸಿ. ಸೀಟ್ ಬೆಲ್ಟು, ಸೀಟಿನ ಕೆಳಭಾಗ, ಸ್ಟಿಯರಿಂಗ್ ಕೂಡ ನೋಡಿ. ನಂತರ ಕಾಲಡಿಯ ಮ್ಯಾಟು ಎತ್ತಿ. ಅದರ ಕೆಳಗಿನ ಕಾರ್ಪೆಟ್ ಒದ್ದೆ ಇದ್ದರೆ ನೀವು ಸೀಟನ್ನು ಎಷ್ಟು ಒರೆಸಿದರೂ ಹತ್ತು ದಿನಕ್ಕೆ ಬೂಷ್ಟು ವಾಪಸ್ ಬರುತ್ತದೆ. ಕಾರ್ಪೆಟ್ ಒಣಗಿಸಿ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಎಸಿ ಹಾಕಿಕೊಂಡು ಒಂದು ಸುತ್ತು ಓಡಿಸಿ, ಎಸಿ ಒಳಗಿನ ತೇವ ಎಳೆಯುತ್ತದೆ. ಒದ್ದೆ ಕೊಡೆ, ರೇನ್‌ಕೋಟು ಕಾರಿನಲ್ಲಿ ಬಿಡಬೇಡಿ.

ಕಲೆಗಳು

ಕುಂಕುಮ, ಅರಿಶಿನ ಬಿದ್ದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಪುಡಿ ಒಣಗಿದ್ದಾಗ ಊದಿ, ವ್ಯಾಕ್ಯೂಮಿನಿಂದ ಎಳೆದರೆ ಬಹುಪಾಲು ಹೋಗುತ್ತದೆ. ನೀರು ತಾಗಿದ ಕ್ಷಣ ಬಣ್ಣ ಹರಡಿ ಹಿಡಿದುಕೊಳ್ಳುತ್ತದೆ. ಉಳಿದ ಚೂರಿಗೆ ಕ್ಲೀನರ್ ಹಾಕಿ. ಅರಿಶಿನದ ತೆಳು ಕಲೆ ಬೆಳಕಿಗೆ ತಾನಾಗಿಯೇ ಸ್ವಲ್ಪ ಸ್ವಲ್ಪ ಮಾಸುತ್ತದೆ, ಅದಕ್ಕಾಗಿ ಸೀಟು ಕೆರೆಯಬೇಡಿ.

ಹೊಸ ಜೀನ್ಸಿನ ನೀಲಿ ತಿಳಿ ಬಣ್ಣದ ಸೀಟಿಗೆ ದೊಡ್ಡ ಶತ್ರು. ಕಂಡ ವಾರದಲ್ಲೇ ಕ್ಲೀನರ್ ಹಾಕಿದರೆ ಹೋಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಲೇಪನದೊಳಗೆ ಇಳಿಯುತ್ತದೆ. ಬಾಲ್‌ಪೆನ್ ಗೀಚಿದ್ದರೂ ಇದೇ ಮಾತು. ಸ್ಯಾನಿಟೈಸರ್, ನೇಲ್ ಪಾಲಿಶ್ ರಿಮೂವರ್ ಹಾಕಿದರೆ ಇಂಕಿನ ಜೊತೆ ಸೀಟಿನ ಬಣ್ಣವೂ ಎದ್ದುಬರುತ್ತದೆ. ಲೆದರ್ ಇಂಕ್ ರಿಮೂವರ್ ಅಂತ ಬೇರೆಯೇ ಸಿಗುತ್ತದೆ. ಕಾಫಿ, ಸಾಂಬಾರು, ಮಗುವಿನ ಹಾಲು ಚೆಲ್ಲಿದರೆ ಉಜ್ಜದೆ ಬಟ್ಟೆಯಿಂದ ಒತ್ತಿ ಹೀರಿಸಿ, ಆಮೇಲೆ ಕ್ಲೀನರ್. ಹೊಲಿಗೆ ಸಂದಿಗೆ ಹೋದ ಹಾಲನ್ನು ಅವತ್ತೇ ತೆಗೆಯದಿದ್ದರೆ ವಾಸನೆ ಬಿಡುವುದಿಲ್ಲ. ಚ್ಯೂಯಿಂಗ್ ಗಮ್ ಅಂಟಿದ್ದರೆ ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಾಗಿಸಿ, ಗಟ್ಟಿಯಾದ ಮೇಲೆ ಬೆರಳಿನಿಂದ ಬಿಡಿಸಿ.

ಮುಟ್ಟಲೇಬಾರದ ಇನ್ನೂ ಕೆಲವಿವೆ. ಶೂ ಪಾಲಿಶ್ ಪ್ಯಾಂಟಿಗೆ ಹತ್ತುತ್ತದೆ. ಡ್ಯಾಶ್‌ಬೋರ್ಡ್ ಹೊಳಪಿನ ಸ್ಪ್ರೇಯಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ, ಸೀಟು ಜಾರುತ್ತದೆ. ಅದೇ ಕೈ ಸ್ಟಿಯರಿಂಗಿಗೆ ಹೋದರೆ ಅಪಾಯ. ನಿಂಬೆರಸ, ವಿನೆಗರ್, ಗಾಜು ಒರೆಸುವ ದ್ರವ ಬೇಡ. 'ಮ್ಯಾಜಿಕ್' ಅಂತ ಬರುವ ಬಿಳಿ ಮೆಲಮೈನ್ ಸ್ಪಂಜು ಕಲೆಯನ್ನು ಕರಗಿಸುವುದಿಲ್ಲ, ಸೀಟಿನ ಮೇಲ್ಪದರವನ್ನೇ ತೆಳ್ಳಗೆ ಹೆರೆಯುತ್ತದೆ. ಒಂದು ಸಲಕ್ಕೆ ಖುಷಿಯಾಗುತ್ತದೆ, ನಾಲ್ಕನೇ ಸಲಕ್ಕೆ ಬಣ್ಣ ಇರುವುದಿಲ್ಲ.

ಸೀಟು ಹಾಳಾಗದಿರಲಿ ಅಂತ ಲೆದರ್ ಮೇಲೆ ಇನ್ನೊಂದು ಕವರ್ ಹಾಕಿಸುವವರಿದ್ದಾರೆ. ಕವರಿನ ಕೆಳಗೆ ಧೂಳು ಸೇರಿ ಕೂತಾಗಲೆಲ್ಲ ಉಜ್ಜುತ್ತದೆ, ಮಳೆಗಾಲದಲ್ಲಿ ತೇವವೂ ಅಲ್ಲೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಏರ್‌ಬ್ಯಾಗ್. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಚೀಟಿ ಇದ್ದರೆ, ಅಪಘಾತವಾದಾಗ ಏರ್‌ಬ್ಯಾಗ್ ಅಲ್ಲಿನ ಹೊಲಿಗೆ ಬಿಚ್ಚಿಕೊಂಡು ಹೊರಗೆ ಬರಬೇಕು. ಬಿಗಿಯಾದ ಕವರ್ ಅದಕ್ಕೆ ಅಡ್ಡ ಬರಬಹುದು. ದಯವಿಟ್ಟು ಹಾಕಿಸಬೇಡಿ.

ಆಗಲೇ ಬಿರುಕು ಬಿಟ್ಟಿದ್ದರೆ

ಬಿರುಕನ್ನು ಯಾವ ಕಂಡೀಷನರೂ ಮುಚ್ಚುವುದಿಲ್ಲ. ಬಣ್ಣ ಮಾತ್ರ ಸವೆದಿದ್ದು ಚರ್ಮ ಗಟ್ಟಿ ಇದ್ದರೆ ಮತ್ತೆ ಬಣ್ಣ ಕೊಡಿಸಬಹುದು. ಸಣ್ಣ ಸೀಳಿಗೆ ಫಿಲ್ಲರ್ ತುಂಬಿ ಬಣ್ಣ ಕೊಡುತ್ತಾರೆ. ಚರ್ಮವೇ ಹರಿದಿದ್ದರೆ ಆ ಒಂದು ತುಂಡನ್ನಷ್ಟೇ ಬದಲಾಯಿಸಬಹುದು, ಇಡೀ ಸೀಟು ಹೊಲಿಸಬೇಕಿಲ್ಲ. ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಸೀಟಾದರೆ ನೀವೇ ಬಿಚ್ಚಬೇಡಿ, ಅಂಥ ಸೀಟು ಬಿಚ್ಚಲು ಬಲ್ಲವರ ಕೈಗೇ ಕೊಡಿ.

ಕಾರನ್ನು ಒಳಗೂ ಹೊರಗೂ ಶುಚಿ ಮಾಡಿಕೊಡುವ ಡೀಟೇಲಿಂಗ್ ಅಂಗಡಿಗೆ ಕೊಡುವುದಾದರೆ ಕೆಲಸ ಶುರುವಾಗುವ ಮುಂಚೆ ಎರಡು ಪ್ರಶ್ನೆ ಕೇಳಿ: ಯಾವ ಕ್ಲೀನರ್ ಹಾಕುತ್ತೀರಿ, ಮೊದಲು ವ್ಯಾಕ್ಯೂಮ್ ಮಾಡುತ್ತೀರಾ? ಕಾರು ವಾಪಸ್ ತೆಗೆದುಕೊಳ್ಳುವಾಗ ಸೀಟಿನ ಹೊಳಪು ನೋಡಬೇಡಿ. ಬಿಳಿ ಕರವಸ್ತ್ರದಿಂದ ಡ್ರೈವರ್ ಸೀಟಿನ ಉಬ್ಬನ್ನು ಒಮ್ಮೆ ಒರೆಸಿ, ಬಟ್ಟೆಗೆ ಜಿಡ್ಡು ಹತ್ತಿದರೆ ಅವರು ಕೊಳೆ ತೆಗೆಯದೆ ಮೇಲಿಂದ ಪಾಲಿಶ್ ಹೊಡೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಇದೇ ಪರೀಕ್ಷೆ ಮಾಡಿ. ಪಾಲಿಶ್ ಒರೆಸಿದ ಮೇಲೆ ಕೆಳಗಿನ ಬಿರುಕು ಕಾಣಿಸಿದರೆ ಬೆಲೆ ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.